ಒಂದು ಪುಟಕ್ಕೆ ಒಂದೇ ಬಟನ್

ನಾನು ಮಾಡಿದ ಪುಟವನ್ನು ಫೋನಿನಲ್ಲಿ ನೋಡುವಾಗ ಆಪಾ ಏಲಕ್ಕಿ ಜಗಿಯುತ್ತಿದ್ದರು. ಸಿಪ್ಪೆ ಅವರ ಮುಂದಿನ ಎರಡು ಹಲ್ಲುಗಳ ಸಂದಿನಲ್ಲಿ ನಿಂತಿರುತ್ತಿತ್ತು. ಕೆಲಸ ಹಿಡಿಸಿದರೆ ಅದನ್ನು ಬೆರಳಿನಿಂದ ತೆಗೆದು ಬುಟ್ಟಿಗೆ ಹಾಕುವರು. ಹಿಡಿಸದಿದ್ದರೆ ಕೂತಲ್ಲಿಂದಲೇ ಉಗುಳುವರು. ನಾನು ಹೆಚ್ಚಾಗಿ ಕೇಳಿದ್ದು ಆ ಉಗುಳಿನ ಸದ್ದನ್ನೇ.

ನಮ್ಮೂರ ಪಕ್ಕದ ಪುಟ್ಟ ಪೇಟೆ ವಿಜಯಪುರದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಊರಿನ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ನಾನು ಬಿ.ಕಾಂ. ಮುಗಿಸಿ, ಕೆಲಸ ಕಲಿಯಲು ಆವತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಆಪಾ ಎಂದೆ, ಅಕ್ಕ ಎಂಬ ಅರ್ಥದಲ್ಲಿ. ಅವರು ನನ್ನನ್ನು ಮಹಾರಾಣಿ ಎಂದರು, ಯಾವ ಅರ್ಥದಲ್ಲೆಂದು ಹೇಳಬೇಕಿಲ್ಲ.

ಅವರ ಪಾಲಿಗೆ ವೆಬ್‌ಸೈಟ್ ಎಂದರೆ ಗಿರಾಕಿ ಕೊನೆಗೆ ಒತ್ತುವ ಬಟನ್, ಅಷ್ಟೇ. "ಒಂದು ಪುಟಕ್ಕೆ ಒಂದೇ ಬಟನ್ ಕಣೇ. ಎರಡಿಟ್ರೆ ಯೋಚ್ನೆ ಮಾಡ್ತಾನೆ. ಯೋಚ್ನೆ ಮಾಡಿದೋನು ಎದ್ದು ಹೋಗ್ತಾನೆ." ಬಟನ್ ಮೇಲೆ 'ಸಲ್ಲಿಸಿ' ಎಂದು ಬರೆದರೆ ರೇಗುತ್ತಿದ್ದರು. "ಏನು ಸಲ್ಲಿಸ್ಬೇಕು, ತಾಲ್ಲೂಕು ಆಫೀಸಿಗೆ ಅರ್ಜಿನಾ? ಒತ್ತಿದ್ರೆ ಅವನಿಗೇನು ಸಿಗುತ್ತೆ, ಅದನ್ನ ಬರಿ." ಪುಟದಲ್ಲಿ ಬೇರೆಲ್ಲೂ ಇಲ್ಲದ ಬಣ್ಣ ಬಟನ್ನಿಗೆ ಬೇಕು, ಸುತ್ತ ಖಾಲಿ ಜಾಗ ಬೇಕು.

ಮಾಡಿದ್ದನ್ನು ಅವರು ಪರೀಕ್ಷಿಸುತ್ತಿದ್ದುದು ಬಸ್ ನಿಲ್ದಾಣದಲ್ಲಿ. ಒಮ್ಮೆ ಹೂ ಮಾರುವ ಅಜ್ಜಿಯ ಕೈಗೆ ಫೋನ್ ಕೊಟ್ಟು, "ಸೀರೆ ಬೇಕು ಅಂದ್ರೆ ಎಲ್ಲಿ ಒತ್ತುತೀರಾ?" ಎಂದು ಕೇಳಿ ಸುಮ್ಮನೆ ನಿಂತರು. ಅಜ್ಜಿ ಸೀರೆಯ ಚಿತ್ರ ಒತ್ತಿದರು, ಅಂಗಡಿಯ ಹೆಸರು ಒತ್ತಿದರು. ನಾನು ಕೆಳಗಿಟ್ಟಿದ್ದ ಬೂದು ಬಟನ್ ಅವರಿಗೆ ಕಾಣಲೇ ಇಲ್ಲ.

"ಇದನ್ನ ಮಾಡಿದ್ದು ಇವಳೇ ಅಜ್ಜಿ, ಕಾಲೇಜು ಓದಿದಾಳೆ. ಮುಖ ನೋಡ್ಕೊಂಬಿಡಿ ಒಂದ್ಸಲ."

ಬಸ್ಸಿಗೆ ಕಾಯುತ್ತಿದ್ದವರು ನಕ್ಕರು. "ಬಿಡಮ್ಮ, ಮಗು ಅತ್ಬಿಡುತ್ತೆ" ಎಂದರು ಅಜ್ಜಿ.

"ಅಳಲಿ. ಕಣ್ಣು ತೊಳೆದ್ರೆ ಚೆನ್ನಾಗಿ ಕಾಣುತ್ತೆ."

ಆಯುಧಪೂಜೆಯ ದಿನ ರೇಷ್ಮೆ ಹುರಿ ಮಾಡುವ ಕಾರ್ಖಾನೆಯೊಂದಕ್ಕೆ ಹೋದೆವು. ವೆಬ್‌ಸೈಟಿನ ಮೊದಲ ಪುಟದಲ್ಲಿ, ಆಪಾ ಮಾಡಿದ್ದ ಹಳದಿ ಬಟನ್ನಿನ ಹಿಂದೆ, ನೂಲು ಓಡುವ ವಿಡಿಯೋ ಬೇಕಿತ್ತು. ಹೂವಿನ ಹಾರವಿದ್ದಾಗಲೇ ಆಗಲಿ ಎಂಬುದು ಯಜಮಾನರ ಆಸೆ. ಕೆಲಸದವರೆಲ್ಲ ಕಡ್ಲೆಪುರಿ, ಸಿಹಿ ಕಟ್ಟಿಕೊಂಡು ಮನೆಗೆ ಹೋಗಿಯಾಗಿತ್ತು. ಪೂಜೆಗೆಂದು ತೊಳೆಯಲು ಬಿಚ್ಚಿದ್ದ ಬೆಲ್ಟಿನ ಮುಚ್ಚಳಗಳು ಇನ್ನೂ ಗೋಡೆಗೆ ಒರಗಿ ಒಣಗುತ್ತಿದ್ದವು. "ಎರಡು ನಿಮಿಷಕ್ಕೆ ಏನಾಗುತ್ತೆ ಮೇಡಂ" ಎಂದು ಯಜಮಾನರು ತಾವೇ ಒಂದು ಮಿಷನ್ ಚಾಲೂ ಮಾಡಿ, ನೆಂಟರನ್ನು ಕಳಿಸಲು ಗೇಟಿನ ಕಡೆ ಹೋದರು.

ಮಿಷನ್ನಿಗೂ ಗೋಡೆಗೂ ನಡುವಿನ ಕಿರಿದಾದ ಜಾಗದಲ್ಲಿ ನಾನು ಫೋನ್ ಹಿಡಿದು ನಿಂತಿದ್ದೆ. ಸದ್ದಿಗೆ ಕೈ ನಡುಗುತ್ತಿತ್ತು.

"ಥೂ, ನಡುಗೋ ಕೈಲಿ ಏನೇ ಹಿಡೀತೀಯಾ? ಆ ಕಡೆ ಸರಿ, ದಂಡಪಿಂಡ."

ಫೋನ್ ಕಿತ್ತುಕೊಂಡು, ಮೊಣಕೈಯಲ್ಲಿ ನನ್ನನ್ನು ತಳ್ಳಿ, ನಾನಿದ್ದಲ್ಲಿ ಅವರು ನಿಂತರು. ನೂಲಿನ ಹತ್ತಿರಕ್ಕೆ ಬಾಗಿದರು. ದುಪಟ್ಟಾದ ತುದಿ ಬೆಲ್ಟಿಗೆ ಸಿಕ್ಕಿ ಕುತ್ತಿಗೆಗೆ ಬಿಗಿಯಿತು. ಕೂಗಲೂ ಆಗಲಿಲ್ಲ ಅವರಿಗೆ.

ನಾನು ಸ್ಟಾರ್ಟರಿನ ಕಡೆ ಓಡಿದೆ. ಗೋಡೆಯ ಮೇಲೆ ಸಾಲಾಗಿ, ಮಿಷನ್ನಿಗೊಂದರಂತೆ ನಾಲ್ಕು ಡಬ್ಬಿಗಳು, ನಾಲ್ಕಕ್ಕೂ ಚೆಂಡುಹೂವಿನ ಹಾರ. ಡಬ್ಬಿಗೊಂದು ಹಸಿರು, ಒಂದು ಕೆಂಪು ಬಟನ್ ಇರಬೇಕಿತ್ತು. ಅವತ್ತು ಪ್ರತಿ ಬಟನ್ನಿಗೂ ಗಂಧದ ಮೇಲೆ ದಪ್ಪಗೆ ಕುಂಕುಮ ಮೆತ್ತಿದ್ದರು. ಹಾರ ಕಿತ್ತು ಒಂದನ್ನು ಒತ್ತಿದೆ. ಮಿಷನ್ ನಿಲ್ಲಲಿಲ್ಲ. ಪಕ್ಕದ್ದನ್ನು ಒತ್ತಿದೆ. ನಿಲ್ಲಲಿಲ್ಲ.

"ಕೆಂಪು ಬಟನ್! ಕೆಂಪು ಒತ್ತಮ್ಮಾ!" ಗೇಟಿನಿಂದ ಓಡಿ ಬರುತ್ತಾ ಯಜಮಾನರು ಕಿರುಚುತ್ತಿದ್ದರು.

ಎಲ್ಲವೂ ಕೆಂಪಗಿದ್ದವು.

ಅವರು ಬಂದು ಮೇನ್ ಸ್ವಿಚ್ ಎಳೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈಗಲೂ ಬಸ್ಸಿನಲ್ಲಿ ಕೂತಾಗ, ಅನ್ನ ಕಲಸುವಾಗ, ನಾನು ಆ ಡಬ್ಬಿಗಳ ಮುಂದೆಯೇ ನಿಂತಿರುತ್ತೇನೆ. ಮೂರನೆಯದನ್ನು ಮೊದಲು ಒತ್ತುತ್ತೇನೆ, ಒಮ್ಮೊಮ್ಮೆ ನಾಲ್ಕನೆಯದನ್ನು. ಯಾವುದು ಸರಿಯಾದದ್ದು ಎಂದು ಯಾರನ್ನೂ ಕೇಳಿಲ್ಲ.

ದೀಪಾವಳಿಗೆ ಮುಂಚೆ ಯಜಮಾನರು ಫೋನ್ ಮಾಡಿದರು. "ಸೀಸನ್ ಹೋಗ್ಬಿಡುತ್ತಮ್ಮಾ. ವಿಡಿಯೋದಲ್ಲಿ ಕೊನೇದು ಕತ್ತರಿಸಿ ಹಾಕ್ಬಿಡು." ಆಗುವುದಿಲ್ಲ ಎಂದೆ. ಬೇರೆ ಯಾರೋ ಕತ್ತರಿಸಿ ಹಾಕಿಕೊಟ್ಟರು. ಹಾರ ಹಾಕಿದ ಮಿಷನ್ ಓಡುತ್ತದೆ, ಅದರ ಮೇಲೆ ಆಪಾ ಮಾಡಿದ ಬಟನ್. ಜನ ಒತ್ತುತ್ತಿದ್ದಾರಂತೆ.

ಆಪಾರ ತಾಯಿಯನ್ನು ನೋಡಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

"ಕೊನೆಗೆ ನಿನ್ನ ಹತ್ರ ಏನಂದ್ಲು ಬೇಟಾ?"

"ಆ ಕಡೆ ಸರಿ ಅಂದ್ರು ಅಮ್ಮಿ."

"ನೋಡು, ನಿನ್ನ ಉಳಿಸಿ ಹೋದ್ಲು ನನ್ನ ಮಗಳು."

ಆಪಾ ನನ್ನನ್ನು ಉಳಿಸಲೆಂದು ಸರಿಸಿದವರಲ್ಲ. ನನ್ನ ಕೈ ಕೆಲಸಕ್ಕೆ ಬಾರದ್ದು ಎಂಬ ತಾತ್ಸಾರಕ್ಕೆ ಸರಿಸಿದರು. ಆ ತಾತ್ಸಾರದಿಂದಲೇ ನಾನಿವತ್ತು ಉಸಿರಾಡುತ್ತಿದ್ದೇನೆ.

"ಹೌದು ಅಮ್ಮಿ" ಎಂದೆ.