ತಾಯವ್ವನ ಬಲಗೈ

ಬೈಲಹೊಂಗಲದ ತಾಲೂಕು ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ ಕೂತು ಇಪ್ಪತ್ತು ವರ್ಷ ಜನರ ಅರ್ಜಿ ಬರೆದಿದ್ದೇನೆ. ಹೆಚ್ಚಿನವು ಮರೆತುಹೋಗಿವೆ. ತಾಯವ್ವನದು ಮರೆತಿಲ್ಲ, ಏಕೆಂದರೆ ಅದನ್ನು ಕೆಡಿಸಿದವರಲ್ಲಿ ನಾನೂ ಒಬ್ಬ.

ಗಂಡ ಸತ್ತ ಮೇಲೆ ತಾಯವ್ವ ಹನ್ನೊಂದು ವರ್ಷ ದುಂಡಪ್ಪ ಸಾಹುಕಾರರ ಅರಳೆ ಗಿರಣಿಯಲ್ಲಿ ಯಂತ್ರಕ್ಕೆ ಹತ್ತಿ ಉಣಿಸಿದಳು. ಬಾಯಿ ಜೋರು. ಮೈಮೇಲೆ ಕೈ ಹಾಕಲು ಬಂದ, ಕೂಲಿಯಾಳುಗಳ ಮೇಲಿನ ಮುಕಾದಮನನ್ನು ಸಂತೆಯ ನಡುವೆ ನಿಲ್ಲಿಸಿ ಅವನ ಮೂರು ತಲೆಮಾರು ಜಾಲಾಡಿದವಳು. ಬಡವರ ಸಿಟ್ಟು ದವಡೆಗೆ ಮೂಲ ಎಂದು ಯಾರಾದರೂ ಬುದ್ಧಿ ಹೇಳಿದರೆ, ದವಡೆ ನನ್ನದೇ ಅಲ್ಲವೇ ಎನ್ನುತ್ತಿದ್ದಳು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಯಂತ್ರದ ರೋಲರು ಅವಳ ಬಲಗೈ ಎಳೆದುಕೊಂಡಿತು. ಬೆರಳು ತುಂಡಾಗಿ ಬೀಳಲಿಲ್ಲ. ಬಿದ್ದಿದ್ದರೇ ಚೆನ್ನಾಗಿತ್ತು ಎನ್ನುವ ಹೊತ್ತು ಬಂತಲ್ಲ, ಅದಕ್ಕೇ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೋದ ಬೆರಳಿಗೆ ಶೇಕಡಾ ಇಷ್ಟು ಎಂದು ಪರಿಹಾರದ ಕಾನೂನಿನಲ್ಲಿ ಪಟ್ಟಿ ಇದೆ. ಇದ್ದೂ ಸತ್ತ ಬೆರಳಿಗೆ ಪಟ್ಟಿ ಇಲ್ಲ. ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಡಾಕ್ಟರು ಬರೆದುಕೊಡಬೇಕು. ತಾಯವ್ವನ ನಾಲ್ಕೂ ಬೆರಳು ಮರಗಟ್ಟಿದ್ದವು. ರೊಟ್ಟಿ ಬಡಿಯಲು ಮಗಳು ಶೆಟ್ಟೆವ್ವ ಬೇಕು, ತುರುಬು ಕಟ್ಟಲೂ ಅವಳೇ ಬೇಕು.

ಡಾಕ್ಟರ ಹತ್ತಿರ ಹೊರಟ ದಿನ ಬೆಳಗಾವಿಯ ಬಸ್ಸಿನಲ್ಲಿ ನಾನು ಉಪದೇಶ ಮಾಡಿದೆ. ಡಾಕ್ಟರು ದೊಡ್ಡವರು, ಬಾಯಿ ಬಿಗಿಹಿಡಿ, ಮರ್ಯಾದೆಯಿಂದ ನಡೆದುಕೋ ಎಂದೆ. ಜನ್ಮದಲ್ಲಿ ಒಮ್ಮೆ ನನ್ನ ಮಾತು ಕೇಳಿದಳು.

ಆ ಮನುಷ್ಯ ಅವಳ ಬೆರಳು ಮುಟ್ಟಿಯೂ ನೋಡಲಿಲ್ಲ. ಕೇರಿಯವಳನ್ನು ಮುಟ್ಟಬೇಕಲ್ಲ! ಒಂದು ಚೀಟಿ ಚಾಚಿ, ಹೊರಗೆ ಗುಮಾಸ್ತನಿಗೆ ಕೊಡು ಎಂದ. ದೊಡ್ಡವರಿಂದ ಎಡಗೈಯಲ್ಲಿ ಇಸಿದುಕೊಳ್ಳುವುದುಂಟೇ? ತಾಯವ್ವ ಎಡಗೈಯಿಂದ ಬಲಮೊಣಕೈಗೆ ಆಸರೆ ಕೊಟ್ಟು, ಬಲಗೈ ಮುಂದೆ ಮಾಡಿ, ಹೆಬ್ಬೆರಳಿನ ಸಂದಿಯಲ್ಲಿ ಚೀಟಿ ಸಿಕ್ಕಿಸಿಕೊಂಡಳು. ಹಣೆಯ ಮೇಲೆ ಬೆವರೊಡೆದಿತ್ತು. ನಾನು ಹಿಂದೆ ನಿಂತು, ಭೇಷ್ ಎಂದು ತಲೆಯಾಡಿಸಿದೆ.

ವರದಿ ಬಂತು: ಬಲಗೈಯಿಂದ ಕಾಗದ ಹಿಡಿಯುತ್ತಾಳೆ, ಹಿಡಿತ ಚೆನ್ನಾಗಿದೆ, ನಷ್ಟ ಶೇಕಡಾ ಹತ್ತು.

ಅದನ್ನು ಓದಿ ಹೇಳಿದಾಗ ತಾಯವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಬರೀ ತನ್ನ ಕೈ ನೋಡಿಕೊಂಡು ಕೂತಳು. ತೊಂಬತ್ತು ಪಾಲು ಕೈ ಉಳಿದಿದೆಯಲ್ಲ ಎಂದು ಮರುದಿನ ಗಿರಣಿಗೆ ಹೋದರೆ, ಇಂಥ ಕೈ ಕಟ್ಟಿಕೊಂಡು ಏನು ಮಾಡಲಿ ಎಂದು ಸಾಹುಕಾರರು ಗೇಟಿನಿಂದಲೇ ಕಳಿಸಿದರು. ಪರಿಹಾರ ಕೊಡುವಾಗ ಗಟ್ಟಿಯಾಗಿದ್ದ ಕೈ ಕೆಲಸ ಕೊಡುವಾಗ ಕೆಟ್ಟುಹೋಗಿತ್ತು, ಹಲ್ಕಟ್ ಜನ.

ತಕರಾರು ಅರ್ಜಿ ಬರೆದು ಒಂಬತ್ತು ತಿಂಗಳು ಅಲೆದೆವು. ಕೊನೆಗೆ ಪರಿಹಾರದ ಕಮಿಷನರು ಮತ್ತೊಮ್ಮೆ ಪರೀಕ್ಷೆ ಆಗಲಿ ಎಂದರು. ಯಾರ ಹತ್ತಿರ? ಅದೇ ಡಾಕ್ಟರ ಹತ್ತಿರ. ಈ ಸಲ ಬಸ್ಸಿನಲ್ಲಿ ನಾನು ತುಟಿ ಬಿಚ್ಚಲಿಲ್ಲ.

ಡಾಕ್ಟರು ಹಳೆಯ ವರದಿ ತೆಗೆದು, ಕಾಗದ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ, ಮತ್ತೇನು ನೋಡುವುದು ಎಂದು ಗೊಣಗಿದರು. ಆಮೇಲೆ ಮೊದಲಿನ ಹಾಗೆಯೇ ಒಂದು ಚೀಟಿ ಚಾಚಿದರು.

ತಾಯವ್ವ ಎಡಗೈ ಚಾಚಿದಳು.

ಬಾಗಿಲಲ್ಲಿದ್ದ ಜವಾನ ಬಾಯಿ ಬಿಟ್ಟು ನೋಡಿದ. ಡಾಕ್ಟರು ಚೀಟಿಯನ್ನು ಹಿಂದಕ್ಕೆಳೆದುಕೊಂಡರು. ಮುಖ ಕೆಂಪಾಗಿತ್ತು.

"ಎಡಗೈ ಒಡ್ಡತೀಯಲ್ಲ, ಬಲಗೈ ಇಲ್ಲೇನ ನಿನಗ?"

ತಾಯವ್ವ ಚಾಚಿದ ಕೈ ತೆಗೆಯಲಿಲ್ಲ.

"ಇಲ್ಲರಿ," ಎಂದಳು. "ಅದನ್ನ ಬರೀರಿ."