ನೀರು-ಬೆಲ್ಲ ಕೊಡದ ಗುರುವಾರ

ಅದು ಶುಕ್ರವಾರ ಎಂದು ನನ್ನ ನೆನಪು ಹೇಳುತ್ತದೆ. ರಜೆಯ ಆದೇಶಪತ್ರ, ಆ ವರ್ಷದ ಪಂಚಾಂಗ ಮತ್ತು ಅಮ್ಮನ ಕೈಬರಹದ ಒಂದು ಟಿಪ್ಪಣಿ ಗುರುವಾರ ಎನ್ನುತ್ತವೆ. ಮೂರನ್ನೂ ಎದುರುಬದುರು ಇಟ್ಟು ತಾಳೆ ನೋಡಿದ ಮೇಲೆ ನೆನಪನ್ನು ಬಿಟ್ಟು ಕಾಗದವನ್ನು ನಂಬಿದ್ದೇನೆ. ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ, ಸಾಸ್ತಾನದಲ್ಲಿ ಟೋಲ್ ಗೇಟ್ ಇರಲಿಲ್ಲ ಎಂಬಷ್ಟನ್ನು ಮಾತ್ರ ಯಾವ ದಾಖಲೆಯೂ ಇಲ್ಲದೆ ಹೇಳಬಲ್ಲೆ.

ಸೇನೆಯಲ್ಲಿ ನಾನಿದ್ದದ್ದು ಬಂದೂಕಿಗಿಂತ ಕೀಲಿಮಣೆಯನ್ನು ಹೆಚ್ಚು ಮುಟ್ಟುವ ವಿಭಾಗದಲ್ಲಿ. ನಮ್ಮ ಗಣಕಜಾಲದೊಳಗೆ ಯಾರು ನುಸುಳಿದರು, ಯಾವ ಗಳಿಗೆಯಲ್ಲಿ, ಎಷ್ಟು ಹೊತ್ತು ಅಡಗಿದ್ದರು ಎಂಬುದನ್ನು ಯಂತ್ರಗಳೇ ಬರೆದಿಟ್ಟ ಸಾಲುಗಳಿಂದ ಹೆಕ್ಕಿ ತೆಗೆದು, ಅವರನ್ನು ಹೊರಗಟ್ಟುವುದು ನಮ್ಮ ಯುದ್ಧ. ಕಿಟಕಿಯಿಲ್ಲದ ಕೋಣೆ, ಬಾಗಿಲಲ್ಲೇ ಒಪ್ಪಿಸಿ ಬರಬೇಕಾದ ಮೊಬೈಲ್, ಮುಖ ಕಾಣದ ಶತ್ರು. ಎರಡು ಯಂತ್ರಗಳ ಗಡಿಯಾರ ಒಂದೆರಡು ಸೆಕೆಂಡು ಹಿಂದುಮುಂದಾದರೂ ಘಟನೆಗಳ ಕ್ರಮ ತಲೆಕೆಳಗಾಗುತ್ತಿತ್ತು. ನಿವೃತ್ತಿಯ ಬಳಿಕ ಸಂಶೋಧನೆಗೆ ಇಳಿದಾಗಲೂ ಒಂದು ತಾರೀಖನ್ನು ಎರಡು ಕಡೆ ನೋಡದೆ ಬರೆಯಲಾರದ ಅಭ್ಯಾಸ ಬಂದದ್ದು ಅಲ್ಲಿಂದಲೇ.

ಇಂಥ ನುಸುಳುಕೋರ ಎಷ್ಟೋ ಸಲ ಯಂತ್ರಕ್ಕೆ ಕೈಹಾಕುವ ಮೊದಲು ಮನುಷ್ಯನನ್ನು ಮಾತನಾಡಿಸುತ್ತಾನೆ. ಆದ್ದರಿಂದ ತೆಕ್ಕಟ್ಟೆಯಲ್ಲಿದ್ದ ಅಮ್ಮನಿಗೂ ನಾನು ಪಾಠ ಹೇಳಿಕೊಟ್ಟಿದ್ದೆ. ಅಪರಿಚಿತರು ನನ್ನ ಬಗ್ಗೆ ವಿಚಾರಿಸಿದರೆ ಏನೂ ಹೇಳಬಾರದು. ಸಿಹಿಯಾಗಿ ಮಾತನಾಡುವವರಿಗಂತೂ ಹೇಳಲೇಬಾರದು. ಬಂದ ಹೊತ್ತು, ಚಹರೆ, ಕೇಳಿದ ಪ್ರಶ್ನೆ ಬರೆದಿಡಬೇಕು. ಅಮ್ಮ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದು ಪಳಗಿದವರು. ಪಾಠವನ್ನು ಒಮ್ಮೆ ಕೇಳಿಯೇ ಕಲಿತರು.

ಆ ರಜೆಯ ಮೊದಲ ವಾರ ಬ್ರಹ್ಮಾವರದಲ್ಲಿ ಹೆಣ್ಣು ನೋಡುವ ಶಾಸ್ತ್ರವಾಗಿತ್ತು. ಅವಳು ಬೈಂದೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ನಾವು ಹೋದದ್ದು ಅವಳ ಚಿಕ್ಕಮ್ಮನ ಮನೆಗೆ. ತಡವಾಗಿ ಬಂದ ರೈಲಿನಿಂದ ಇಳಿದವನು ನೇರ ಅಲ್ಲಿಗೇ ಬಂದಿದ್ದೆ. ಎಷ್ಟು ತಡವಾಯಿತೆಂದು ಕೇಳಿದ ಅವಳು, ಹಾಗಾದರೆ ಬೆಳಗಿನಿಂದ ಉಂಡಿರಲಾರೆನೆಂದು ತಾನೇ ತೀರ್ಮಾನಿಸಿ ಒಳಗೆ ಹೋಗಿ ಬಿಸಿ ಗೋಳಿಬಜೆ ತಂದಿಟ್ಟಳು. ನನ್ನ ಮನಸ್ಸು ಅಲ್ಲಿಗೇ ನಿಶ್ಚಯವಾಯಿತು. ಆದರೆ ಅವಳನ್ನು ಸಾಕಿದ ಸೋದರಮಾವ, ಹಾಲಾಡಿಯ ಜಂಕ್ಷನ್ನಿನಲ್ಲಿ ಹೋಟೆಲ್ ಇಟ್ಟುಕೊಂಡವರು, ಒಪ್ಪದೆ ಯಾವುದೂ ನಡೆಯುವಂತಿರಲಿಲ್ಲ. ನಾನು ಭಾನುವಾರ ಹೊರಡಬೇಕಿತ್ತು. ಮುಂದಿನ ರಜೆ ಯಾವಾಗ ಎಂಬುದು ನನಗೇ ತಿಳಿದಿರಲಿಲ್ಲ.

ಗುರುವಾರ ನಾನು ಟಿಕೆಟಿನ ಕೆಲಸಕ್ಕೆ ಕುಂದಾಪುರಕ್ಕೆ ಹೋಗಿ ಮರಳಿದಾಗ ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದರು.

"ಮಗ, ಇವತ್ತೊಬ್ರ್ ಬಂದಿದ್ರ್. ನೀ ಹೇಳಿದ್ಯಲೆ, ಅಂಥದ್ದೇ ಜನ. ನಿಮ್ಮ ಮಗ ಎಲ್ಲಿಪ್ಪುದ್, ಎಂತ ಕೆಲ್ಸ, ಯಾವತ್ತ್ ಹೋಪುದ್, ಎಲ್ಲ ನಯದಂಗೆ ಕೇಂಡ್ರ್. ಮಗ ಎಲ್ಲಿದ್ದ ಅಂದೇಳಿ ನಂಗೇ ಗೊತ್ತಿಲ್ಲ ಅಂದೆ!"

ಹೆಮ್ಮೆಯಿಂದ ತಾವು ಬರೆದಿಟ್ಟ ಪುಸ್ತಕ ಮುಂದಿಟ್ಟರು. "ಗುರುವಾರ. ಹನ್ನೊಂದು ಇಪ್ಪತ್ತು. ಬಿಳಿ ಅಂಗಿ, ಬಿಳಿ ಪಂಚೆ, ಕೊಡೆ. ಹಾಲಾಡಿಯಿಂದ ಎಂದರು. ಆರು ಪ್ರಶ್ನೆ. ಉತ್ತರ ಕೊಟ್ಟಿಲ್ಲ. ಬಾಯಾರಿದಂತಿತ್ತು. ಕುಡಿಯಲು ಕೊಟ್ಟಿಲ್ಲ."

ಹಾಲಾಡಿ ಎಂಬ ಪದದ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಬಿಸಿಲಲ್ಲಿ ಬಂದವರಿಗೆ ನೀರು-ಬೆಲ್ಲ ಕೊಡದ ಮನೆ ನಮ್ಮ ಸೀಮೆಯಲ್ಲಿ ಮನೆಯೇ ಅಲ್ಲ. ಸಂಜೆಯೊಳಗೆ ಬ್ರಹ್ಮಾವರದ ಚಿಕ್ಕಮ್ಮನ ಫೋನ್ ಬಂತು.

"ಹೆತ್ತರಿಗೇ ಮಗ ಎಲ್ಲಿದ್ದ ಅಂದೇಳಿ ಗೊತ್ತಿಲ್ಲ ಅಂಬ್ರಲೆ! ಮಿಲಿಟ್ರಿಯಿಂದ ಓಡಿ ಬಂದನಾ, ಜೈಲೊಳ್ಗಿದ್ದನಾ ಯಾರಿಗ್ ಗೊತ್ತ್? ಮಾವ ಬೇಡ ಅಂದಾಯ್ತ್."

ಮರುದಿನ ಅಮ್ಮನೂ ನಾನೂ ಹಾಲಾಡಿಯ ಬಸ್ಸು ಹತ್ತಿದೆವು. ನನ್ನ ನೆನಪು ಶುಕ್ರವಾರಕ್ಕೆ ಅಂಟಿಕೊಂಡದ್ದು ಈ ಪ್ರಯಾಣದಿಂದಲೇ ಇರಬೇಕು. ಹೋಟೆಲಿನಲ್ಲಿ ಊಟದ ಗದ್ದಲ ಆಗಷ್ಟೇ ಇಳಿದಿತ್ತು. ಅವಳೂ ಶಾಲೆಗೆ ರಜೆ ಹಾಕಿ ಅಲ್ಲಿಗೆ ಬಂದಿದ್ದಳು.

"ಹ್ವಾಯ್, ಬನ್ನಿ, ಕೂಕಣಿ," ಎಂದರು ಮಾವ. "ನಮ್ಮಲ್ಲ್ ನೀರ್ ಸಿಕ್ಕತ್ತ್."

ಅಮ್ಮ ತಲೆ ತಗ್ಗಿಸಿದರು.

"ಈಗಾರೂ ಹೇಳಿ ಕಾಂಬ, ಎಂತ ಕೆಲ್ಸ ನಿಮ್ದ್?"

"ಕಂಪ್ಯೂಟರ್ ಕಾವುದ್," ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿರಲಿಲ್ಲ.

"ಅದಕ್ಕೆ ಮಿಲಿಟ್ರಿ ಬೇಕಾ ಮರ್ರೆ? ನಮ್ಮ ಗಲ್ಲಾಪೆಟ್ಟಿಗೆ ಬದಿಯಂಗೂ ಒಂದ್ ಕಂಪ್ಯೂಟರ್ ಇತ್ತ್. ಬೆಕ್ಕ್ ಕಾತ್ತ್."

ಸಪ್ಲಾಯರ್ ಹುಡುಗರು ನಕ್ಕರು. ಅಮ್ಮ ಮಾತ್ರ ಸೆರಗಿನೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪ್ ನಂದ್. ಇವ ಕಲ್ಸಿದಂಗೆ ಮಾಡ್ದೆ. ಓದಿ ಕಾಣಿ."

ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದವರು ಕೊನೆಯ ಸಾಲುಗಳಲ್ಲಿ ತಡೆದರು.

"ಬಾಯಾರಿದ್ ಗೊತ್ತಾಯಿತ್ತಾ ನಿಮ್ಗೆ?"

"ಗೊತ್ತಾಯ್ತ್. ನೀವ್ ಗೇಟ್ ದಾಟುವರಿಗೂ ನೀರಿನ ಲೋಟಿ ನನ್ ಕೈಯಲ್ಲೇ ಇದ್ದಿತ್."

ಮಾವ ಪುಸ್ತಕ ಮುಚ್ಚಿ ಸೋದರಸೊಸೆಯ ಕಡೆ ತಿರುಗಿ, "ಬದ್ಕುದ್ ನೀನ್. ನೀನೇ ಕೇಣ್," ಎಂದರು.

ಅವಳು ನೇರ ನನ್ನನ್ನೇ ಕೇಳಿದಳು. "ಮನಿಯಂಗೆ ಹೇಳುಕಾಪುದ್ ಒಂದಾರೂ ಇತ್ತಾ ನಿಮ್ಮ ಕೆಲ್ಸದಂಗೆ?"

"ಇಲ್ಲ."

"ನಾ ಕೇಂಡ್ರೆ ಸುಳ್ ಹೇಳ್ತ್ರಿಯಾ?"

"ಸುಳ್ ಹೇಳ್ತಿಲ್ಲ. ಹೇಳುಕಾತಿಲ್ಲ ಅಂದೇಳಿ ಹೇಳ್ತೆ."

"ಹಾಂಗಾರೆ ಅಡ್ಡಿಲ್ಲ," ಎಂದಳು. ಶನಿವಾರ ನಿಶ್ಚಯ ತಾಂಬೂಲವಾಯಿತು. ಭಾನುವಾರ ನಾನು ರೈಲು ಹತ್ತಿದೆ. ಇವೆರಡಕ್ಕೂ ದಾಖಲೆಯಿದೆ.

ಸೇವೆಯ ಅಷ್ಟೂ ವರ್ಷ ಅವಳು ಮತ್ತೆ ಆ ಬಗ್ಗೆ ಕೇಳಲಿಲ್ಲ. ಹೆಚ್ಚಿನ ಕಾಲ ಅವಳು ಬೈಂದೂರಿನಲ್ಲಿ, ನಾನು ಹೆಸರು ಹೇಳಲಾಗದ ಊರುಗಳಲ್ಲಿ. ನಿವೃತ್ತನಾಗಿ ಮನೆಗೆ ಬಂದ ಮೊದಲ ಬೆಳಗ್ಗೆ, ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿಗೆ ಇಟ್ಟು, "ಈಗ ಹೇಳಿ ಕಾಂಬ, ಇಷ್ಟ್ ವರ್ಷ ಎಂತ ಮಾಡಿದ್ರಿ?" ಎಂದಳು. ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಮುಗಿಸುವಾಗ ನೀರು ಇನ್ನೂ ಕುದಿ ಬಂದಿರಲಿಲ್ಲ.

"ಇಷ್ಟೇಯಾ?"

"ಉಳ್ದದ್ ಹೇಳುಕಾತಿಲ್ಲ."

ಈ ಸಲ ಅವಳು ಅಡ್ಡಿಲ್ಲ ಎನ್ನಲಿಲ್ಲ. ಎದುರು ಕುಳಿತು, ಆ ವರ್ಷಗಳಲ್ಲಿ ತನಗೆ ಏನೇನಾಯಿತೆಂದು ಒಂದೊಂದಾಗಿ ಹೇಳತೊಡಗಿದಳು. ಅವಳ ಮಾತು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಕೇಳಿದ್ದು ಅದೇ ಮೊದಲು.