ಸಿಹಿ ಬಿಟ್ಟ ವಾಣಿಶ್ರೀ

ಕಾಯಿಲೆ ಬಿದ್ದು ಎದ್ದವರು ದಪ್ಪಗಾದರೆ ಶಿಕಾರಿಪುರದ ಕಡೆ ಹಳ್ಳಿಗಳಲ್ಲಿ ಎಲ್ಲರಿಗೂ ಖುಷಿ. ಮೈ ಹಿಡಿದಾಳೆ, ಇನ್ನೇನು ಚಿಂತೆಯಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮೈ ಹಿಡಿದವಳಿಗೆ ಚಿಂತೆ ಇದೆಯೋ ಇಲ್ಲವೋ ಎಂದು ಅವಳನ್ನೇ ಕೇಳುವ ಅಭ್ಯಾಸ ಮಾತ್ರ ಯಾರಿಗೂ ಇಲ್ಲ. ಹೀಗಾಗಿ ಪಶುಸಖಿ ವಾಣಿಶ್ರೀಗೆ ವರ್ಷದಿಂದ ಹೋದಲ್ಲೆಲ್ಲ ಹೊಗಳಿಕೆ. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಪಶುಸಖಿ ಎಂದರೆ ದನದ ಡಾಕ್ಟರಲ್ಲ. ಡಾಕ್ಟರು ಬರುವ ತನಕ ಹಸು, ಎಮ್ಮೆ, ಕುರಿಗಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಹಳ್ಳಿಯದೇ ಹೆಣ್ಣುಮಗಳು. ಜಂತುಹುಳದ ಔಷಧಿ ಕುಡಿಸುವುದು, ಗಾಯಕ್ಕೆ ಮದ್ದು ಹಚ್ಚುವುದು, ಕರು ಹಾಕುವ ಹಸುವಿನ ಪಕ್ಕ ಧೈರ್ಯಕ್ಕೆ ಕೂರುವುದು ಅವಳ ಕೆಲಸ. ಅಂಬ್ಲಿಗೊಳದ ಸುತ್ತಿನ ಊರುಗಳನ್ನು ವಾಣಿಶ್ರೀ ಸ್ಕೂಟಿಯಲ್ಲಿ ಸುತ್ತುತ್ತಿದ್ದಳು. ಹಾಯುವ ಎಮ್ಮೆ ಕೂಡ ಅವಳ ಕೈಗೆ ಸುಮ್ಮನೆ ನಿಲ್ಲುತ್ತದೆ ಎಂಬ ಹೆಸರಿತ್ತು. ಗಂಡ ನಾಗೇಶ ಪಂಪ್‌ಸೆಟ್ ರಿಪೇರಿಯವನು. ಶಾಲೆಗೆ ಹೋಗುವ ಮಗಳೊಬ್ಬಳಿದ್ದಳು.

ಎರಡು ವರ್ಷದ ಹಿಂದೆ ವಾಣಿಶ್ರೀಯ ನಿದ್ದೆ ಹೋಗಿತ್ತು. ನಿದ್ದೆಯ ಹಿಂದೆಯೇ ಕಿವಿಯಲ್ಲಿ ಒಂದು ದನಿ ಶುರುವಾಗಿ, ಬೆಳಗಿನಿಂದ ಬೈಯುವುದೇ ಅದರ ಕೆಲಸವಾಯಿತು. ನಾಗೇಶ ಅವಳನ್ನು ಸೊರಬದ ತವರಿಗೆ ಕರೆದುಕೊಂಡು ಹೋಗಿ, ಅಲ್ಲಿಂದಲೇ ಮನೋವೈದ್ಯೆ ಶ್ರೀಲತಾ ಅವರಿಗೆ ತೋರಿಸಿದ. ಊರಿನವರಿಗೆ ಟೈಫಾಯ್ಡ್ ಎಂದು ಹೇಳಿದರು. ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ದನಿ ನಿಂತುಹೋಯಿತು. ಕಿವಿ ಖಾಲಿಯಾದ ಆ ದಿನ ಅವಳು ತವರಿನ ಹಿತ್ತಲಲ್ಲಿ ಕೂತು ಸಂತೋಷಕ್ಕೇ ಅತ್ತಿದ್ದಳು.

ಆದರೆ ದನಿ ಖಾಲಿ ಮಾಡಿದ ಜಾಗಕ್ಕೆ ಹಸಿವು ಬಂದು ಕೂತಿತು. ಅದು ಗೆಯ್ದು ಬಂದವರ ಹಸಿವಲ್ಲ. ಊಟ ಮುಗಿಸಿ ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಮತ್ತೆ ತಟ್ಟೆ ನೆನಪಾಗುವಂಥ ಹಸಿವು. ಕುಪ್ಪಸಗಳ ಹೊಲಿಗೆ ಬಿಚ್ಚಿ ಬಿಚ್ಚಿ ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ.

"ಇದು ಮಾತ್ರೆ ತರೋ ಹಸಿವು ವಾಣಿಶ್ರೀ, ನಿಮ್ಮ ತಪ್ಪಲ್ಲ" ಎಂದರು ಶ್ರೀಲತಾ ಡಾಕ್ಟರ್. "ಆದ್ರೆ ನೀವಾಗಿ ನೀವೇ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಸಿಹಿ, ಕರಿದಿದ್ದು ಕಡಿಮೆ ಮಾಡಿ. ದಿನಾ ನಡೀರಿ. ತಿಂಗಳಿಗೊಂದ್ಸಲ ತೂಕ ನೋಡೋಣ, ಶುಗರ್ ಪರೀಕ್ಷೆನೂ ಮಾಡಿಸೋಣ. ಅದಕ್ಕೂ ಬಗ್ಗದಿದ್ರೆ ಮಾತ್ರೆ ಬದಲಾಯಿಸೋ ವಿಚಾರ ನನಗೆ ಬಿಡಿ."

ಹೇಳುವುದು ಸುಲಭ. ಡಾಕ್ಟರಮ್ಮ ಒಂದು ದಿನ ವಾಣಿಶ್ರೀಯ ಸ್ಕೂಟಿ ಹಿಂದೆ ಕೂತು ನೋಡಬೇಕಿತ್ತು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋದರೆ ಪ್ರತಿ ಮನೆಯಲ್ಲೂ ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ. ಬೇಡವೆಂದರೆ "ಯಾಕವ್ವ, ನಮ್ಮನಿ ಚಾ ಸೇರಲ್ಲೇನು?" ಎಂದು ಮುಖ ಊದಿಸಿಕೊಳ್ಳುವ ಮನೆಯೊಡತಿ. ಕರು ಹಾಕಿದ ಮನೆಯಾದರೆ ಕೇಳುವುದೇ ಬೇಡ, ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ತಿನ್ನದೆ ಹೊಸಲು ದಾಟುವ ಹಾಗಿಲ್ಲ. ಬಾಣಂತಿ ಹಸುವಿನ ಗಿಣ್ಣು ಬೇಡವೆಂದರೆ ಕರುವಿಗೆ ಒಳ್ಳೆಯದಲ್ಲವಂತೆ. ನಿಜ ಹೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುವವಳೆಂದು ತಿಳಿದರೆ ತಮ್ಮ ಕೊಟ್ಟಿಗೆಯೊಳಗೆ ಅವಳನ್ನು ಯಾರು ಬಿಟ್ಟುಕೊಂಡಾರು? ಅವಳಿಗೆ ಆ ಕೆಲಸವೆಂದರೆ ಜೀವ.

ಒಂದು ದಿನ ದುರ್ಗಮ್ಮನ ಮನೆಯಲ್ಲಿ ಎಮ್ಮೆ ಈದಿತ್ತು. ಕರು ಅಡ್ಡ ಬಂದಾಗ ಡಾಕ್ಟರು ಬರುವ ತನಕ ವಾಣಿಶ್ರೀಯೇ ಹಿಡಿದು ನಿಭಾಯಿಸಿದ್ದಳು. ದುರ್ಗಮ್ಮ ಗಂಡನಿಲ್ಲದೆ ಮನೆ, ಹೊಲ, ದನಗಳನ್ನು ಜೋರು ಬಾಯಿಯಿಂದಲೇ ಆಳುತ್ತಿದ್ದ ಮುದುಕಿ. ತಟ್ಟೆ ತುಂಬ ಗಿಣ್ಣು ತಂದು ಮುಂದೆ ಹಿಡಿದಳು. ವಾಣಿಶ್ರೀಯ ಬಾಯಲ್ಲಿ ನೀರು ಬಂತು, ಅದರ ಜೊತೆಗೇ ಒಂದು ಸುಳ್ಳೂ ಬಂತು.

"ಬ್ಯಾಡಜ್ಜಿ. ಚಂದ್ರಗುತ್ತಿ ಅಮ್ಮಂಗೆ ಹರಕೆ ಹೊತ್ತೀನಿ. ಸಿಹಿ ಬಿಟ್ಟೀನಿ."

ದುರ್ಗಮ್ಮ ಚಕ್ಕನೆ ತಟ್ಟೆ ಹಿಂದಕ್ಕೆಳೆದುಕೊಂಡಳು. "ಮೊದ್ಲೇ ಹೇಳಬಾರ್ದಾ? ತಿನ್ನಿಸಿ ನಾನ್ಯಾಕೆ ಪಾಪ ಕಟ್ಕಳ್ಲಿ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಇಷ್ಟು ಸುಲಭವೇ! ಡಾಕ್ಟರ ಮಾತಿಗೆ ಇಲ್ಲದ ಮರ್ಯಾದೆ ಹರಕೆಗಿತ್ತು. ಸುದ್ದಿ ಮನೆಯಿಂದ ಮನೆಗೆ ಹೋಗಿ, ಸಕ್ಕರೆ ಹಾಕದ ಚಹಾ ತಾನಾಗಿ ಬರತೊಡಗಿತು. ವಾಣಿಶ್ರೀ ಮನಸ್ಸಿನಲ್ಲೇ ಅಮ್ಮನಿಗೆ ತಪ್ಪು ಕಾಣಿಕೆ ಒಪ್ಪಿಸಿ ಹಾಯಾಗಿದ್ದಳು. ಆ ತಿಂಗಳು ತೂಕ ಏರಲಿಲ್ಲ.

ಆದರೆ ಹರಕೆ ಎಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ. ಅವಳು ಹೇಳಲಿಲ್ಲ, ಊರು ತಾನೇ ಹುಡುಕಿಕೊಂಡಿತು. ಒಬ್ಬಳೇ ಮಗಳು, ಅವಳಿಗೂ ಎಂಟು ತುಂಬಿತು. ಇನ್ನೊಂದು ಮಗುವಿಗಲ್ಲದೆ ಮತ್ಯಾವುದಕ್ಕೆ ಹರಕೆ? ಹೀಗೆ ತೀರ್ಮಾನವಾದ ಮೇಲೆ ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆ ಬಿತ್ತು. ಹೊಟ್ಟೆ ಮುಂದೆ ಬಂದೇ ಇತ್ತು. ಅಮ್ಮ ಕಣ್ಣು ಬಿಟ್ಟಳು ಎಂದು ಊರು ಕೈ ಮುಗಿಯಿತು.

ನಾಗೇಶ ಒಂದು ಸಂಜೆ ಹಿಟ್ಟಿನ ಗಿರಣಿಯಿಂದ ಪೆಚ್ಚುಮೋರೆ ಹಾಕಿಕೊಂಡು ಬಂದ. "ವಾಣಿ, ಗಿರಣಿಯಾಗೆ ಎಲ್ಲಾರೂ ನನ್ನ ಕೈ ಕುಲುಕಿದ್ರು. ಅಲ್ಲ, ನನಗಾದ್ರೂ ಒಂದು ಮಾತು ಹೇಳಬಾರ್ದಾ?" ವಾಣಿಶ್ರೀಗೆ ನಗು ತಡೆಯಲಾಗಲಿಲ್ಲ. ಹರಕೆಯ ಸುಳ್ಳನ್ನು ಅವನಿಗೂ ಹೇಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಬಹಳ ದಿನ ಉಳಿಯಲಿಲ್ಲ. ಬಸುರಿಯ ಬಯಕೆ ತೀರಿಸದೆ ಬಿಡುವ ಜನ ಅವರಲ್ಲ. ಸಿಹಿಗೆ ಹರಕೆ ಅಡ್ಡ ಬಂದಿತ್ತು, ಆದ್ದರಿಂದ ಖಾರದ್ದೆಲ್ಲ ಬಂತು. ಒಂದು ಮನೆಯಲ್ಲಿ ಕೋಡುಬಳೆ, ಇನ್ನೊಂದು ಮನೆಯಲ್ಲಿ ಬಿಸಿ ಮಿರ್ಚಿ, ಮತ್ತೊಂದರಲ್ಲಿ ಒಗ್ಗರಣೆ ಮಂಡಕ್ಕಿ. ಅಲ್ಲಿ ತಿನ್ನದಿದ್ದರೆ ಪೊಟ್ಟಣ ಕಟ್ಟಿ ಸ್ಕೂಟಿಯ ಡಿಕ್ಕಿಗೆ ತುರುಕುತ್ತಿದ್ದರು. ಬೇಡವೆಂದು ಹೇಳಬೇಕಾದ ಬಾಯಿಗೇ ಆ ಮಾತ್ರೆಯ ಹಸಿವು. ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ಪೊಟ್ಟಣ ಬಿಚ್ಚಿ ತಿಂದು, ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದು ಕಣ್ಣೊರೆಸಿಕೊಂಡದ್ದೂ ಉಂಟು.

ಮುಂದಿನ ಸಲ ತೂಕದ ಯಂತ್ರದ ಮುಳ್ಳು ಮತ್ತೆ ಮೇಲೇರಿತ್ತು. ಎಲ್ಲಕ್ಕೂ ಮೂಲ ಈ ಮಾತ್ರೆಯೇ ಅನಿಸಿತು. ಯಾರಿಗೂ ಹೇಳದೆ ನಿಲ್ಲಿಸಿದಳು.

ಮೊದಲು ಹಸಿವು ತಗ್ಗಿತು. ಗೆದ್ದೆ ಎಂದುಕೊಂಡಳು. ಬೆನ್ನಿಗೇ ನಿದ್ದೆ ಹಗುರಾಯಿತು, ಆಮೇಲೆ ಹೋಯಿತು. ಒಂದು ಬೆಳಿಗ್ಗೆ ತೊಗರ್ಸಿ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಹಸುವಿನ ಗೊರಸು ತೊಳೆಯುತ್ತಿದ್ದಾಗ ಕಿವಿಯ ಹಿಂದೆ ಯಾರೋ ಹಳೆಯ ಬೈಗುಳವನ್ನು ಮೆಲ್ಲಗೆ ಉಸುರಿದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಅವಳಿಗೆ ದಪ್ಪ ಮೈಯ ಹೆದರಿಕೆ ಎಷ್ಟು ಸಣ್ಣದೆಂದು ಆ ಗಳಿಗೆಯಲ್ಲಿ ತಿಳಿಯಿತು. ಕೆಲಸ ಅರ್ಧಕ್ಕೇ ಬಿಟ್ಟು ನಾಗೇಶನಿಗೆ ಫೋನ್ ಮಾಡಿದಳು. ಅವನು ಬೈಯಲಿಲ್ಲ, ಪಂಪು ಬಿಚ್ಚುತ್ತಿದ್ದ ಪಾನಾ ಅಲ್ಲೇ ಇಟ್ಟು ಬಂದು ಡಾಕ್ಟರ ಹತ್ತಿರ ಕರೆದೊಯ್ದ. ಶ್ರೀಲತಾ ಡಾಕ್ಟರ್ ಮಾತ್ರ ಚೆನ್ನಾಗಿ ಬೈದರು. ಬೈದು, ಮಾತ್ರೆ ಮತ್ತೆ ಶುರು ಮಾಡಿಸಿದರು. ಸ್ವಲ್ಪ ದಿನದಲ್ಲಿ ನಿದ್ದೆ ಬಂತು, ಕಿವಿ ಮತ್ತೆ ಖಾಲಿಯಾಯಿತು. ಹಸಿವೂ ಮರಳಿ ಬಂತೆಂದು ಬೇರೆ ಹೇಳಬೇಕಿಲ್ಲ.

ಅಷ್ಟರಲ್ಲಿ ದುರ್ಗಮ್ಮನ ಫೋನ್. "ವಾಣೀ, ಗಬ್ಬದ ಹಸ ಯಾಕೋ ಮಂಕಾಗೈತಿ, ಲಗೂ ಬಾ."

ವಾಣಿಶ್ರೀ ಓಡಿ ಹೋದಳು. ಹಸು ಗಟ್ಟಿಮುಟ್ಟಾಗಿ ನಿಂತು ಮೆಲುಕು ಹಾಕುತ್ತಿತ್ತು. ಒಳಗೆ ಚಾಪೆ ಹಾಸಿತ್ತು. ಊರಿನ ಹೆಂಗಸರೆಲ್ಲ ಕೂತಿದ್ದರು. ತಟ್ಟೆಯಲ್ಲಿ ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ ಬಟ್ಟಲು. ಬಸುರಿಗೆ ಉಡಿ ತುಂಬಿ ಊಟ ಹಾಕುವ ಕುಬಸದ ಸಿದ್ಧತೆ. ಅಡುಗೆಮನೆಯಿಂದ ಬಾಣಲೆಯ ಸದ್ದು ಕೇಳುತ್ತಿತ್ತು.

"ನಿನ್ ತವರು ದೂರ ಸೊರಬದಾಗೈತಿ. ಅದಕ್ಕೆ ನಾವೇ ಮಾಡಾಣ ಅಂತ. ಕೂತ್ಕ ಬಾ" ಎಂದಳು ದುರ್ಗಮ್ಮ.

ವಾಣಿಶ್ರೀ ಕೂರಲಿಲ್ಲ. ಅಷ್ಟು ಪ್ರೀತಿಯ ಮುಂದೆ ಸುಳ್ಳು ಹೊತ್ತು ಕೂರುವುದು ಅವಳಿಂದ ಆಗದು. ಕೆಲಸ ಹೋದರೆ ಹೋಗಲಿ ಎಂದು ಬಾಯಿ ಬಿಟ್ಟಳು.

"ನಾನು ಬಸುರಿ ಅಲ್ಲಜ್ಜಿ. ನನಗೆ ಟೈಫಾಯ್ಡೂ ಆಗಿರಲಿಲ್ಲ. ಮನಸ್ಸಿನ ಕಾಯಿಲೆ ಆಗಿತ್ತು. ಯಾರೂ ಇಲ್ದಿದ್ರೂ ಯಾರೋ ಬೈದಂಗೆ ಕೇಳ್ತಿತ್ತು. ಅದಕ್ಕೆ ದಿನಾ ಗುಳಿಗೆ ತಗಳ್ತೀನಿ. ಆ ಗುಳಿಗೆಗೇ ಹಸಿವು, ಅದಕ್ಕೇ ಈ ಮೈ. ನೀವು ಕೊಟ್ಟಿದ್ದೆಲ್ಲ ತಿಂದ್ರೆ ನಾಳೆ ಸಕ್ಕರೆ ಕಾಯಿಲೆನೂ ಬರ್ತೈತಿ. ಗುಳಿಗೆ ಬಿಟ್ರೆ ಆ ದನಿ ಬರ್ತೈತಿ. ಬಿಟ್ಟು ನೋಡಿದೆ, ಬಂತು. ನಾನೇನು ಮಾಡ್ಲಿ ಹೇಳ್ರಿ!"

ದುರ್ಗಮ್ಮ ಎದ್ದು ಅವಳ ಎದುರಿಗೆ ಬಂದು ನಿಂತಳು.

"ಹಂಗಾರೆ ಹರಕೆ?"

"ಸುಳ್ಳು ಅಜ್ಜಿ."

"ಬಸುರು?"

"ಅದು ನೀವು ಹೇಳಿದ್ದು. ನಾನಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಮನೆಯ ಪರಮಶಿವಪ್ಪನ ಹೆಂಡತಿ ಮಾತ್ರ ನಗಲಿಲ್ಲ. "ಅಲ್ಲವ್ವ, ಮತ್ತೆ ದನದ ಹತ್ರ ಹೋದಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಅಳುಕುತ್ತ ಕೇಳಿದಳು. ವಾಣಿಶ್ರೀ ಹೆದರಿದ್ದು ಇದೇ ಮಾತಿಗೆ.

ದುರ್ಗಮ್ಮ ಅತ್ತ ತಿರುಗಲೇ ಇಲ್ಲ. "ವಾಣೀ, ನಮ್ಮ ಎಮ್ಮೆ ಕರ ಅಡ್ಡ ಬಂದಿತ್ತಲ್ಲ, ಡಾಕ್ಟ್ರು ಬರಾತನ್ಕ ನೀನೇ ಹಿಡಕಂಡಿದ್ದಿಯಲ್ಲ, ಆವಾಗ್ಲೂ ಗುಳಿಗೆ ತಗಳ್ತಿದ್ದೇನು?"

"ಹೂಂ ಅಜ್ಜಿ."

"ಹಂಗಾರೆ ಗುಳಿಗೆ ಚಲೋದೇ ಐತಿ ಬಿಡು" ಎಂದಳು ದುರ್ಗಮ್ಮ. ಆಮೇಲೆ ಅಡುಗೆಮನೆ ಕಡೆ ಕೂಗಿದಳು: "ಏ, ಬಾಣ್ಲೆ ಇಳಿಸ್ರೇ! ಒಂದು ಚೊಂಬು ಮಜ್ಜಿಗೆ ತರ್ರಿ. ಸೌತೆಕಾಯಿ ಹೆಚ್ರಿ."

ಸೀರೆಯ ತಟ್ಟೆ ಹಾಗೇ ಇತ್ತು. ವಾಣಿಶ್ರೀ ಅದರ ಕಡೆ ನೋಡಿದ್ದನ್ನು ಮುದುಕಿ ಕಂಡಳು. "ಮನೆಮಗಳಿಗೆ ಉಡಿ ತುಂಬಾಕೆ ಬಸುರೇ ಆಗ್ಬೇಕಾ? ಕೂತ್ಕ" ಎಂದು ಗದರಿದಳು. ವಾಣಿಶ್ರೀ ಅಳುತ್ತಲೇ ಕೂತಳು. ಪರಮಶಿವಪ್ಪನ ಹೆಂಡತಿಯೇ ಬಳೆ ತೊಡಿಸಿದಳು. ಬಳೆ ಬಿಗಿಯಾಗಿ ಮುಂಗೈಯಲ್ಲಿ ಸಿಕ್ಕಿಕೊಂಡಾಗ ಎಲ್ಲರೂ ನಕ್ಕರು, ವಾಣಿಶ್ರೀಯೂ ನಕ್ಕಳು.

ಈಗ ಅವಳು ಸ್ಕೂಟಿಯನ್ನು ಊರ ಬಾಗಿಲಲ್ಲೇ ನಿಲ್ಲಿಸಿ ಮನೆಯಿಂದ ಮನೆಗೆ ನಡೆಯುತ್ತಾಳೆ. ತೂಕ ಇಳಿದದ್ದು ಸ್ವಲ್ಪವೇ, ಆದರೆ ಏರುವುದು ನಿಂತಿದೆ. ಶ್ರೀಲತಾ ಡಾಕ್ಟರಿಗೆ ಅಷ್ಟು ಸಾಕು, ಅವಳಿಗೂ ಸದ್ಯಕ್ಕೆ ಸಾಕು. ಎರಡು ಮೂರು ಮನೆಯವರು ಅವಳನ್ನು ಕರೆಯುವುದು ಬಿಟ್ಟಿದ್ದಾರೆ. ಉಳಿದವರು ಮಜ್ಜಿಗೆ ಕುಡಿಸಿಯೇ ಕೊಟ್ಟಿಗೆಗೆ ಕಳಿಸುತ್ತಾರೆ. ಗುಟ್ಟು ಎಂಬುದೊಂದು ಮಾತ್ರ ಉಳಿದಿಲ್ಲ. ಜೀವದಂತೆ ಕಾಪಾಡಿಕೊಂಡಿದ್ದ ವಿಷಯವನ್ನು ದುರ್ಗಮ್ಮ ನಡುಬೀದಿಯಲ್ಲಿ, ಬಸ್ಸಿಗೆ ಕಾದು ನಿಂತವರ ಎದುರಿಗೇ, ಊಟ ಆಯಿತಾ ಎಂದು ಕೇಳಿದಷ್ಟು ಸಲೀಸಾಗಿ ಜಗುಲಿ ಮೇಲಿಂದ ಕೂಗಿ ಕೇಳುತ್ತಾಳೆ.

"ವಾಣೀ, ಗುಳಿಗೆ ಆತಾ?"

"ಆತಜ್ಜಿ. ನಿಂದು?"

"ನಂದೂ ಈಗ ಆತು, ಬಿ.ಪಿ.ದು. ಬಾ, ಹಸ ಕಾಯ್ತೈತಿ."